ಗ್ಯಾಸ್ ಹೋಗುವ ತನಕ ನೀರಿಲ್ಲ ಎನ್ನಬೇಡಿ: ಸಿಜೇರಿಯನ್ ನಂತರ ಕರುಳು ಎಚ್ಚರಾಗುವ ಬಗೆ

ಕಲಬುರಗಿ, ಬೀದರ್, ಯಾದಗಿರಿಯ ಯಾವ ಹೆರಿಗೆ ವಾರ್ಡಿಗೆ ಹೋದರೂ ಬೆಳಗಿನ ರೌಂಡ್ಸ್ ಹೊತ್ತಿಗೆ ಒಂದು ಪ್ರಶ್ನೆ ಕೇಳಿಸುತ್ತದೆ. “ಗ್ಯಾಸ್ ಹೋಯ್ತೇನವ್ವಾ?” ಸಿಜೇರಿಯನ್ ಆದ ಹೆಣ್ಣುಮಗಳು ನಾಚಿಕೊಂಡು ಮುಖ ತಿರುಗಿಸುತ್ತಾಳೆ. ಪಕ್ಕದಲ್ಲಿ ಕೂತ ತಾಯಿಯೋ ಅತ್ತೆಯೋ ಉತ್ತರ ಕೊಡುತ್ತಾರೆ: “ಇನ್ನಾ ಇಲ್ರೀ. ಹೊಟ್ಟಿ ಬಿಗದದ ನೋಡ್ರಿ.” ಆಮೇಲೆ ಮನೆಯವರ ನಡುವೆ ಅದೇ ತೀರ್ಮಾನ. ಗ್ಯಾಸ್ ಹೋಗುವ ತನಕ ನೀರೂ ಬೇಡ, ಗಂಜಿಯೂ ಬೇಡ.

ಈ ತೀರ್ಮಾನವನ್ನೇ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗ್ಯಾಸ್ ಹೋದ ಮೇಲೆ ಊಟ ಎಂಬುದು ಹಳೆಯ ನಿಯಮ. ಬಹುತೇಕ ಬಾಣಂತಿಯರ ವಿಷಯದಲ್ಲಿ ಅದು ತಲೆಕೆಳಗಾಗಿದೆ. ಗುಟುಕು ನೀರು, ಬಾಯಲ್ಲಿ ಅಗಿಯುವುದು, ಸ್ವಲ್ಪ ಊಟ, ಎದ್ದು ನಾಲ್ಕು ಹೆಜ್ಜೆ. ಕರುಳನ್ನು ಎಬ್ಬಿಸುವವು ಇವೇ. ಹೊಲದಲ್ಲಿ ಪಂಪ್ ಇಟ್ಟವರಿಗೆ ಗೊತ್ತು, ಪೈಪಿನಲ್ಲಿ ಮೊದಲು ನೀರು ತುಂಬಿಸದಿದ್ದರೆ ಕೆಲವು ಮೋಟಾರು ನೀರೆತ್ತುವುದೇ ಇಲ್ಲ. ನೀರು ಬಂದ ಮೇಲೆ ತುಂಬಿಸ್ತೀನಿ ಅಂತ ಕೂತರೆ ಸಂಜೆಯಾದರೂ ಕೂತೇ ಇರಬೇಕು. ಕರುಳಿನದೂ ಹೆಚ್ಚು ಕಡಿಮೆ ಹಾಗೆಯೇ.

ಇದು ಕೆಲವೇ ಮನೆಗಳ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಜೇರಿಯನ್‌ನಿಂದ ಆಗಿವೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 23.6 ಇತ್ತು. ಅಂದರೆ ಹೊಟ್ಟೆ ಉಬ್ಬಿ, ಬಾಯಿ ಒಣಗಿ, ಗ್ಯಾಸ್‌ಗಾಗಿ ಕಾಯುತ್ತ ಮಲಗುವ ಹೆಣ್ಣುಮಕ್ಕಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದಾರೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುವುದುಂಟು. ಅಂಥ ದಿನ ಆಪರೇಷನ್ ಆದವಳಿಗೆ ಇಡೀ ದಿನ ನೀರಿಲ್ಲ ಎನ್ನುವುದು ಎಂಥ ಸಂಕಟ ಯೋಚಿಸಿ.

ಕರುಳು ಯಾಕೆ ಸುಮ್ಮನಾಗುತ್ತದೆ?

ಕರುಳಿನ ಗೋಡೆಯಲ್ಲಿ ಅದರದೇ ಆದ ನರಗಳ ಜಾಲವಿದೆ. ಕೋಟಿಗಟ್ಟಲೆ ನರಕೋಶಗಳು ಅಲ್ಲಿ ಕೆಲಸ ಮಾಡುತ್ತವೆ. ನಾವು ಉಂಡದ್ದನ್ನು ಅಲೆ ಅಲೆಯಾಗಿ ಮುಂದಕ್ಕೆ ತಳ್ಳುವುದು ಅವುಗಳ ಕೆಲಸ. ಹೊಟ್ಟೆ ಕೊಯ್ದಾಗ ದೇಹಕ್ಕೆ ಅದು ಅಪಾಯದ ಸುದ್ದಿ. ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ನರವ್ಯವಸ್ಥೆ ಎಚ್ಚೆತ್ತು, ಕರುಳಿಗೆ “ಸದ್ಯ ನಿಲ್ಲು” ಎಂಬ ಸೂಚನೆ ಕಳಿಸುತ್ತದೆ. ಜೊತೆಗೆ ಹೊಟ್ಟೆಯೊಳಗೆ ಚೆಲ್ಲಿದ ರಕ್ತ, ಗರ್ಭದ ನೀರು, ವೈದ್ಯರ ಕೈ ತಾಗಿದ್ದು, ಇವೆಲ್ಲ ಸೇರಿ ಸ್ವಲ್ಪ ಉರಿಯೂತ ಉಂಟಾಗುತ್ತದೆ. ಅದರಿಂದಲೂ ಕರುಳಿನ ಸ್ನಾಯು ಮಂಕಾಗುತ್ತದೆ.

ಮತ್ತೆ ಔಷಧಗಳ ಪಾಲೂ ಇದೆ. ನೋವಿಗೆ ಕೊಡುವ ಮಾರ್ಫಿನ್, ಟ್ರಮಡಾಲ್ ತರಹದ ಔಷಧಗಳು ಮಿದುಳಿನಲ್ಲಿ ನೋವು ಇಳಿಸುತ್ತವೆ, ಕರುಳನ್ನೂ ನಿಧಾನ ಮಾಡುತ್ತವೆ. ಬಿಪಿ ಏರಿ ಫಿಟ್ಸ್ ಬಾರದಿರಲಿ ಎಂದು ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕೂಡ ಸ್ನಾಯುಗಳನ್ನು ಸಡಿಲಿಸುತ್ತದೆ. ಇದಕ್ಕೂ ಮೊದಲೇ, ಬಸುರಿನ ಒಂಬತ್ತು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕರುಳನ್ನು ನಿಧಾನಗೊಳಿಸಿಯೇ ಇಟ್ಟಿರುತ್ತದೆ. ರಕ್ತಹೀನತೆಗೆ ನುಂಗಿದ ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿ ಮಾಡಿರುತ್ತದೆ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್ ಅನಸ್ತೇಶಿಯಾದಿಂದಲೇ ಗ್ಯಾಸ್ ನಿಂತಿತು ಎಂದು ಬಹಳ ಜನ ಬೈಯುತ್ತಾರೆ. ಪಾಪ, ಅದರ ತಪ್ಪು ಇಲ್ಲಿ ಬಹಳ ಕಡಿಮೆ.

ಎಲ್ಲಾ ಕರುಳೂ ಒಂದೇ ಹೊತ್ತಿಗೆ ಎಚ್ಚರಾಗುವುದಿಲ್ಲ ಎಂಬುದು ತಿಳಿದಿರಬೇಕಾದ ಇನ್ನೊಂದು ಮಾತು. ಹೊಟ್ಟೆಯ ದೊಡ್ಡ ಆಪರೇಷನ್‌ಗಳಲ್ಲಿ ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಚಲಿಸತೊಡಗುತ್ತದೆ. ಜಠರಕ್ಕೆ ಒಂದೆರಡು ದಿನ ಬೇಕು. ಎಲ್ಲಕ್ಕಿಂತ ತಡ ದೊಡ್ಡ ಕರುಳು, ಎರಡು ಮೂರು ದಿನ. ಸಿಜೇರಿಯನ್‌ನಲ್ಲಿ ಕರುಳನ್ನು ಹೆಚ್ಚು ಮುಟ್ಟುವುದೇ ಇಲ್ಲ. ಮಗುವನ್ನು ತೆಗೆದು ಗರ್ಭಕೋಶಕ್ಕೆ ಹೊಲಿಗೆ ಹಾಕುತ್ತಾರೆ ಅಷ್ಟೆ. ಹಾಗಾಗಿ ಇಲ್ಲಿ ಚೇತರಿಕೆ ಬೇಗ. ಗ್ಯಾಸ್ ಹೋಗುವುದು ದೊಡ್ಡ ಕರುಳಿನ ಕೆಲಸ. ಅದು ಸಾಲಿನಲ್ಲಿ ಕೊನೆಗೆ ಏಳುವ ಭಾಗ. ಕೊನೆಯವನು ಎದ್ದ ಮೇಲೆ ಊಟ ಎಂದರೆ, ಆಗಲೇ ಎದ್ದು ಕೂತ ಸಣ್ಣ ಕರುಳನ್ನು ಸುಮ್ನೆ ಖಾಲಿ ಇಟ್ಟಂತಾಯಿತು ಅಲ್ವಾ?

ನೀರು ಕುಡಿಯದೆ, ಅನ್ನ ತಿನ್ನದೆ ಇದ್ದರೂ ಗ್ಯಾಸ್ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಹೆರಿಗೆ ನೋವಿನಲ್ಲಿ ಅಳುವಾಗ, ಏದುಸಿರು ಬಿಡುವಾಗ ನುಂಗಿದ ಗಾಳಿ ಒಂದು ಪಾಲು. ಕರುಳಿನಲ್ಲಿರುವ ಬ್ಯಾಕ್ಟೀರಿಯಾ ತಯಾರಿಸುವುದು ಇನ್ನೊಂದು ಪಾಲು. ಉಪವಾಸದಿಂದ ಅದು ನಿಲ್ಲುವುದಿಲ್ಲ.

ಊಟಕ್ಕೆ ಯಾವಾಗ ಶುರು?

ಆಪರೇಷನ್ ಆದ ಬಾಣಂತಿಗೆ ಬೇಗ ನೀರು, ಊಟ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವೈದ್ಯಲೋಕ ಚೆನ್ನಾಗಿಯೇ ಪರೀಕ್ಷೆ ಮಾಡಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2002ರಲ್ಲೇ ಇದರ ಬಗ್ಗೆ ವಿಮರ್ಶೆ ಪ್ರಕಟಿಸಿತು. ಬೇಗ ಕುಡಿಯಲು, ತಿನ್ನಲು ಕೊಟ್ಟವರಲ್ಲಿ ಕರುಳಿನ ಸದ್ದು ಬೇಗ ಮರಳಿತು. ತೊಂದರೆ ಜಾಸ್ತಿಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಆಪರೇಷನ್ ನಂತರ ಬೇಗ ಚೇತರಿಸಿಕೊಳ್ಳುವ ಕ್ರಮಗಳನ್ನು ರೂಪಿಸುವ ‘ಇರಾಸ್’ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಘ 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿಜೇರಿಯನ್ ಆದ 2 ಗಂಟೆಯೊಳಗೆ ಮಾಮೂಲಿ ಊಟ ಶುರು ಮಾಡಬಹುದು ಎಂದಿತು.

ನಮ್ಮ ಕಡೆಯ ಹಲವು ಆಸ್ಪತ್ರೆಗಳಲ್ಲಿ ಇನ್ನೂ 6 ಗಂಟೆ ಕಾಯಿಸುವ ರೂಢಿ ಇದೆ. ಮೊದಲು ಗುಟುಕು ನೀರು, ಆಮೇಲೆ ಚಹಾ ಅಥವಾ ಗಂಜಿ, ಮರುದಿನ ಮೆತ್ತನೆ ಊಟ. ವೈದ್ಯರು ಹೇಳಿದ ಹೊತ್ತನ್ನು ಮೀರಿ ಕದ್ದು ಕೊಡಿ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನಸ್ತೇಶಿಯಾ ಕೊಟ್ಟಿದ್ದರೆ, ರಕ್ತ ಜಾಸ್ತಿ ಹೋಗಿದ್ದರೆ, ಹಳೆಯ ಆಪರೇಷನ್‌ನಿಂದ ಒಳಗೆ ಒಂದಕ್ಕೊಂದು ಅಂಟಿಕೊಂಡದ್ದನ್ನು ಬಿಡಿಸುವಾಗ ಕರುಳಿಗೆ ಗಾಯವಾಗಿ ಹೊಲಿದಿದ್ದರೆ, ಕಾಯುವುದಕ್ಕೆ ಸರಿಯಾದ ಕಾರಣವಿರುತ್ತದೆ. ಹಾಗಿಲ್ಲದಿದ್ದರೆ ಕೇಳಿ. “ಡಾಕ್ಟ್ರೇ, ವಾಂತಿ ಇಲ್ಲ, ಬಾಯಿ ಒಣಗ್ಯದ, ನೀರು ಯಾವಾಗ ಕೊಡಬಹುದು?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಮಟ್ಟಿಗೆ, ಬಾಣಂತಿಯ ಜೊತೆ ಇರುವವರು ಮಾಡಬಹುದಾದ ದೊಡ್ಡ ಉಪಕಾರ ಇದೇ. ಆಸ್ಪತ್ರೆ ಊಟಕ್ಕೆ ಅನುಮತಿ ಕೊಟ್ಟ ಮೇಲೂ ಮನೆಯವರೇ ಹೆದರಿ ತಡೆಯುವುದು ಎಷ್ಟೋ ಸಲ ಆಗುತ್ತದೆ.

ಏನು ಕೊಡಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಚ್ಚಗಿನ ನೀರು, ಜೋಳದ ನುಚ್ಚಿನ ತೆಳು ಗಂಜಿ, ಇಡ್ಲಿ, ಮೆತ್ತಗೆ ಬೆಂದ ಅನ್ನದ ಮೇಲೆ ತೊಗರಿ ಬೇಳೆಯ ತಿಳಿ ಕಟ್ಟು, ಮಜ್ಜಿಗೆ. ಹಸಿವಿದ್ದರೆ ಬಿಸಿ ಜೋಳದ ರೊಟ್ಟಿಯನ್ನು ಕಟ್ಟಿನಲ್ಲಿ ನೆನೆಸಿ ಕೊಟ್ಟರೂ ಆಯಿತು. ಒಂದೇ ಸಲ ಹೊಟ್ಟೆ ತುಂಬ ಬೇಡ. ಸ್ವಲ್ಪ ಸ್ವಲ್ಪ, ಹಲವು ಸಲ. ವಾಕರಿಕೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ಗುಟುಕಿನಿಂದ ಶುರು ಮಾಡಿ. ಸೋಡಾ, ಕೋಲಾ ಕುಡಿಸಿ ತೇಗು ಬರಿಸುವ ಪ್ರಯೋಗ ಬೇಡ. ಉಬ್ಬಿದ ಹೊಟ್ಟೆಗೆ ಇನ್ನಷ್ಟು ಗಾಳಿ ತುಂಬಿದ ಹಾಗಾಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಇನ್ನೊಂದು ವಿಷಯ ತಿಳಿದಿರಲಿ. ಕೇಂದ್ರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಶುರುವಾಯಿತು. ಅದರಡಿ ಸಿಜೇರಿಯನ್ ಆದ ತಾಯಿಗೆ ಆಸ್ಪತ್ರೆಯಲ್ಲಿ 7 ದಿನದವರೆಗೆ ಉಚಿತ ಊಟದ ಹಕ್ಕಿದೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಇದು ಅನ್ವಯ. ಊರು ದೂರ, ಮನೆಯಿಂದ ಬುತ್ತಿ ಬರುವುದು ಮಧ್ಯಾಹ್ನಕ್ಕೆ ಎಂದು ಬಾಣಂತಿ ಹಸಿದು ಕೂರಬೇಕಾಗಿಲ್ಲ.

ಚೂಯಿಂಗ್ ಗಮ್ಮಿನ ಕೆಲಸ

ಈಗ ಹೇಳುವುದನ್ನು ಕೇಳಿ ಮನೆಯ ಹಿರಿಯರು ಹುಬ್ಬೇರಿಸಬಹುದು. ಸಿಜೇರಿಯನ್ ನಂತರ ಕರುಳು ಎಬ್ಬಿಸಲು ಔಷಧವಲ್ಲದ ಉಪಾಯಗಳ ಪೈಕಿ ಬಹಳ ಅಧ್ಯಯನ ಆಗಿರುವುದು ಚೂಯಿಂಗ್ ಗಮ್ ಮೇಲೆ. ಹೌದು, ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಅದೇ ಗಮ್.

ಅದು ಕೆಲಸ ಮಾಡುವ ಬಗೆ ಬಲು ಚಂದ. ನಾವು ಅಗಿಯತೊಡಗಿದ ಕೂಡಲೇ ಊಟ ಬರುತ್ತಿದೆ ಎಂದು ಮಿದುಳು ಅಂದುಕೊಳ್ಳುತ್ತದೆ. ಮಿದುಳಿನಿಂದ ಹೊಟ್ಟೆಯ ತನಕ ಇಳಿಯುವ ವೇಗಸ್ ಎಂಬ ನರವೊಂದಿದೆ. ಅದರ ಮೂಲಕ ಸುದ್ದಿ ಹೋಗುತ್ತದೆ. ಬಾಯಲ್ಲಿ ಜೊಲ್ಲು, ಜಠರದಲ್ಲಿ ಜೀರ್ಣರಸ, ಮೇದೋಜೀರಕದಲ್ಲಿ ಅದರ ರಸ ಊರತೊಡಗುತ್ತದೆ. ಊಟವನ್ನು ಮುಂದಕ್ಕೆ ತಳ್ಳಲು ಕರುಳು ಸಜ್ಜಾಗುತ್ತದೆ. ಬರುವುದು ಬರೀ ಜೊಲ್ಲು, ಆದರೂ ಕರುಳು ಅಲುಗುತ್ತದೆ. ಇದೊಂದು ಹುಸಿ ಊಟ. ಆಪರೇಷನ್ ಕಳಿಸಿದ “ನಿಲ್ಲು” ಎಂಬ ಸೂಚನೆಗೆ ಎದುರಾಗಿ “ನಡೆ” ಎಂಬ ಸೂಚನೆ ಕಳಿಸಿದ ಹಾಗೆ. ಸಕ್ಕರೆ ಇಲ್ಲದ ಗಮ್ಮಿನಲ್ಲಿ ಸಿಹಿಗಾಗಿ ಸಾರ್ಬಿಟಾಲ್, ಕ್ಸೈಲಿಟಾಲ್ ತರಹದವು ಇರುತ್ತವೆ. ಅವು ಕರುಳಿನೊಳಗೆ ನೀರು ಎಳೆದುಕೊಳ್ಳುತ್ತವೆ. ಅದರಿಂದಲೂ ಸ್ವಲ್ಪ ಸಹಾಯ ಆಗಬಹುದು.

ಈಜಿಪ್ಟಿನಲ್ಲಿ 200 ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರ ಒಂದು ಗುಂಪು ಎರಡು ಗಂಟೆಗೊಮ್ಮೆ 15 ನಿಮಿಷ ಸಕ್ಕರೆ ಇಲ್ಲದ ಗಮ್ ಅಗಿಯಿತು. ಅಗಿಯದವರಿಗೆ ಸರಾಸರಿ 24 ಗಂಟೆಗೆ ಗ್ಯಾಸ್ ಹೋದರೆ, ಅಗಿದವರಿಗೆ ಸುಮಾರು 18 ಗಂಟೆಗೇ ಹೋಯಿತು. ಆಮೇಲೆ 2016ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 17 ಅಧ್ಯಯನಗಳನ್ನು, ಒಟ್ಟು 3,149 ಮಹಿಳೆಯರ ಲೆಕ್ಕವನ್ನು, ಒಂದೆಡೆ ಸೇರಿಸಿ ನೋಡಿತು. ಗಮ್ ಅಗಿದವರಿಗೆ ಸರಾಸರಿ 7 ಗಂಟೆ ಮೊದಲು ಗ್ಯಾಸ್ ಹೋಗಿತ್ತು. ಮಲವಿಸರ್ಜನೆ ಸುಮಾರು 9 ಗಂಟೆ ಮೊದಲು ಆಗಿತ್ತು. ಕರುಳು ಪೂರ್ತಿ ಮಂಕಾಗಿ ವಾಂತಿ, ಉಬ್ಬರಕ್ಕೆ ಹೋಗುವ ತೊಂದರೆಯೂ ಅವರಲ್ಲಿ ಕಡಿಮೆ ಇತ್ತು.

ಇಲ್ಲಿ ಎರಡು ಮಾತನ್ನು ಬಿಚ್ಚಿಯೇ ಹೇಳಬೇಕು. ಒಂದು, ಈ ಪುರಾವೆ ಕಲ್ಲಿನಲ್ಲಿ ಕೊರೆದಷ್ಟು ಗಟ್ಟಿಯಲ್ಲ. ತಾನು ಗಮ್ ಅಗಿಯುತ್ತಿದ್ದೇನೋ ಇಲ್ಲವೋ ಎಂಬುದು ಬಾಣಂತಿಗೆ ಗೊತ್ತಾಗದಂತೆ ಪರೀಕ್ಷೆ ಮಾಡಲು ಬರುವುದಿಲ್ಲ. ಗ್ಯಾಸ್ ಹೋದ ಹೊತ್ತನ್ನು ಹೇಳುವವಳೂ ಅವಳೇ. ಹಾಗಾಗಿ ವಿಮರ್ಶೆ ಮಾಡಿದವರೇ ಪುರಾವೆಯ ಗುಣಮಟ್ಟ ಕಡಿಮೆ ಎಂದು ಬರೆದಿದ್ದಾರೆ. ಎರಡು, ಊಟವೇ ಬೇಗ ಶುರುವಾಗುವ ಕಡೆ ಗಮ್ಮಿನ ಲಾಭ ಅಷ್ಟಕ್ಕಷ್ಟೆ. ನಿಜವಾದ ಊಟ ಬಂದ ಮೇಲೆ ಹುಸಿ ಊಟ ಯಾಕೆ? ಇರಾಸ್ ಸಂಘವೂ ಹಾಗೆಯೇ ಹೇಳುತ್ತದೆ. ಅದಕ್ಕೇ ನನಗನಿಸುವುದು, ಈ ಉಪಾಯ ನಮ್ಮಂಥ ಕಡೆಗೇ ಜಾಸ್ತಿ ಸಲ್ಲುತ್ತದೆ. ಆಸ್ಪತ್ರೆಯ ನಿಯಮದಂತೆ 6 ಗಂಟೆ ಊಟವಿಲ್ಲದೆ ಕಾಯಬೇಕಾದವಳಿಗೆ ಆ ಹೊತ್ತಿನಲ್ಲಿ ಮಾಡಲು ಒಂದು ಕೆಲಸ ಸಿಕ್ಕಿತು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾನಿಯೂ ಕಂಡುಬಂದಿಲ್ಲ.

ಮಾಡುವ ಕ್ರಮ ಸರಳ. ಮೊದಲು ನರ್ಸನ್ನೋ ವೈದ್ಯರನ್ನೋ ಕೇಳಿ. ಪೂರ್ತಿ ಎಚ್ಚರವಿರಬೇಕು. ಮಂಪರು, ವಾಂತಿ ಇರಬಾರದು. ತಲೆಯ ಭಾಗ ಎತ್ತರಿಸಿ ಕೂರಿಸಿ. ಒಂದು ಸಲಕ್ಕೆ 15ರಿಂದ 30 ನಿಮಿಷ ಅಗಿದು ಉಗುಳಲಿ. ದಿನಕ್ಕೆ ಮೂರು ಸಲವಾದರೂ ಆಗಲಿ. ಊಟ ಸರಿಯಾಗಿ ಶುರುವಾದ ಮೇಲೆ ಬಿಡಬಹುದು. ಬಸುರಿನಲ್ಲಿ ಶುಗರ್ ಬಂದವರು ಸಕ್ಕರೆ ಇಲ್ಲದ್ದನ್ನೇ ತರಿಸಿಕೊಳ್ಳಲಿ. ಆದರೆ ಸಕ್ಕರೆ ಇಲ್ಲದ ಗಮ್ ಅತಿಯಾದರೆ ಹೊಟ್ಟೆ ಉಬ್ಬುತ್ತದೆ, ಬೇಧಿಯೂ ಆಗುತ್ತದೆ. ತಮ್ಮನನ್ನೋ ತಂಗಿಯನ್ನೋ ನೋಡಲು ಬಂದ ಸಣ್ಣ ಮಕ್ಕಳ ಕೈಗೆ ಆ ಪೊಟ್ಟಣ ಸಿಗದಿರಲಿ. ಗಂಟಲಿಗೆ ಸಿಕ್ಕಿಕೊಂಡೀತು.

ಬಾಣಂತಿಗೆ ಎಲೆ ಅಡಿಕೆ ಹಾಕಿಸುವ ಪದ್ಧತಿ ನಮ್ಮ ಕಡೆ ಇದ್ದೇ ಇದೆ. ಉಂಡ ಮೇಲೆ ಎಲೆಗೆ ಸುಣ್ಣ ಸವರಿ, ಅಡಿಕೆ, ಅಜವಾನ ಇಟ್ಟು ಬಾಯಿಗೆ ಕೊಡುತ್ತಾರೆ. ಅಗಿಯುವುದರಿಂದ ಜೀರ್ಣಕ್ಕೆ ಒಳ್ಳೆಯದು ಎಂಬ ಹಿರಿಯರ ತಿಳಿವಳಿಕೆ ಸುಳ್ಳಲ್ಲ ನೋಡಿ. ಆದರೆ ಅಡಿಕೆಯ ವಿಷಯದಲ್ಲಿ ಮಾತ್ರ ನಾವು ಬದಲಾಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ತಂಬಾಕು, ಗುಟ್ಕಾದ ಮಾತಂತೂ ಬೇಡವೇ ಬೇಡ. ಬಾಯಿ ಆಡಿಸಲೇಬೇಕೆಂದರೆ ಗಮ್ ಇದೆ. ಊಟ ಶುರುವಾದ ಮೇಲಾದರೆ ಒಂದು ಚಿಟಿಕೆ ಬಡೇಸೋಪು ಅಗಿಯಲಿ. ಬಡೇಸೋಪಿನ ಮೇಲೆ ಗಮ್ಮಿನಷ್ಟು ಪರೀಕ್ಷೆ ನಡೆದಿಲ್ಲ ಎಂಬುದು ನೆನಪಿರಲಿ.

ಎದ್ದು ಓಡಾಡುವುದು

“ನಡೆದರೆ ಗ್ಯಾಸ್ ಹೋಗ್ತದ” ಎಂದು ವಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಹೊಟ್ಟೆಯ ಆಪರೇಷನ್ ಆದವರ ಕರುಳಿಗೆ ತಂತಿ ಜೋಡಿಸಿ ಅದರ ಚಟುವಟಿಕೆ ಅಳೆದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಬೇಗ ಎದ್ದು ನಡೆದವರಿಗೂ ಮಲಗಿದ್ದವರಿಗೂ ಕರುಳಿನ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಡೆಯುವುದು ಬೇಡವೇ? ಖಂಡಿತ ಬೇಕು. ಹೆರಿಗೆ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಸಿಜೇರಿಯನ್ ಆದರೆ ಇನ್ನೂ ಜಾಸ್ತಿ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದನ್ನು ತಡೆಯುವುದರಲ್ಲಿ ನಡಿಗೆಯ ಪಾಲು ದೊಡ್ಡದು. ಒಂದೇ ಮಗ್ಗುಲಲ್ಲಿ ಮಲಗಿದಾಗ ಒಂದೆಡೆ ಸಿಕ್ಕಿಬಿದ್ದ ಗಾಳಿ, ಎದ್ದು ಕೂತಾಗ, ಮಗ್ಗುಲು ಬದಲಿಸಿದಾಗ ಜಾಗ ಬದಲಿಸುತ್ತದೆ. ಹೊಟ್ಟೆ ಸ್ವಲ್ಪ ಹಗುರ ಎನಿಸುತ್ತದೆ. ಮತ್ತೆ, ಎದ್ದವಳೇ ಶೌಚಾಲಯಕ್ಕೆ ಹೋಗಬಲ್ಲಳು.

ಕಾಲಿನ ಮರಗಟ್ಟುವಿಕೆ ಬಿಟ್ಟ ಕೂಡಲೇ ಮಲಗಿದಲ್ಲೇ ಪಾದ ಆಡಿಸುವುದು, ಮೊಣಕಾಲು ಮಡಚಿ ಬಿಡಿಸುವುದು ಶುರು ಮಾಡಬಹುದು. ಮೊದಲ ಸಲ ಏಳುವಾಗ ನರ್ಸ್ ಪಕ್ಕದಲ್ಲಿರಲಿ, ತಲೆ ಸುತ್ತಿ ಬೀಳುವುದುಂಟು. ಅಂಗಾತ ಮಲಗಿದವಳನ್ನು ಎರಡು ಕೈ ಹಿಡಿದು ಎಳೆದು ಕೂರಿಸಬೇಡಿ. ಹೊಲಿಗೆ ಹಿಡಿದು ಜೀವ ಹೋದಂತಾಗುತ್ತದೆ. ಮೊಣಕಾಲು ಮಡಚಿ, ಇಡೀ ಮೈ ಒಂದು ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳಲಿ. ಎರಡು ನಿಮಿಷ ಹಾಗೇ ಕೂರಲಿ. ಆಮೇಲೆ ನಿಲ್ಲಲಿ. ಮಡಚಿದ ಕೌದಿಯೋ ದಿಂಬೋ ಗಾಯದ ಮೇಲೆ ಒತ್ತಿ ಹಿಡಿದರೆ ಏಳುವಾಗ, ಕೆಮ್ಮುವಾಗ, ನಗುವಾಗ ನೋವು ಕಡಿಮೆ. ಮೊದಲ ದಿನ ಮಂಚದಿಂದ ಕುರ್ಚಿಗೆ, ಆಮೇಲೆ ಶೌಚಾಲಯದ ತನಕ, ಮರುದಿನ ವರಾಂಡದಲ್ಲಿ ಮೂರ್ನಾಲ್ಕು ಸಲ. ಅಷ್ಟು ಸಾಕು.

ನಡೆಯದಂತೆ ತಡೆಯುವ ಎರಡು ಸಂಗತಿಗಳಿವೆ. ಒಂದು ಮೂತ್ರದ ನಳಿಕೆ. ತೊಂದರೆ ಇಲ್ಲದವರಿಗೆ ಅದನ್ನು ಬೇಗ ತೆಗೆಯುವುದೇ ಒಳ್ಳೆಯದು ಎಂಬುದು ಈಗಿನ ಅಭಿಪ್ರಾಯ. ಯಾವಾಗ ತೆಗೆಯುತ್ತೀರಿ ಎಂದು ಕೇಳಿ. ಇನ್ನೊಂದು ನೋವು. ನೋವು ನುಂಗಿಕೊಂಡು ಮಲಗುವುದರಲ್ಲಿ ದೊಡ್ಡತನವಿಲ್ಲ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಅವಳು ಏಳುತ್ತಾಳೆ, ಮಗುವಿಗೆ ಹಾಲು ಕೊಡುತ್ತಾಳೆ.

ನಾಚಿಕೆಯ ಮಾತೂ ಬಂತು. ಕಿಕ್ಕಿರಿದ ವಾರ್ಡು, ಅಕ್ಕಪಕ್ಕ ಗಂಡಸರು, ಮಾವ, ಮೈದುನ. ಗ್ಯಾಸ್ ಬಂದರೂ ಬಿಗಿ ಹಿಡಿದು ಮಲಗುವ ಹೆಣ್ಣುಮಕ್ಕಳು ಎಷ್ಟು ಮಂದಿ! ನೋಡಲು ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ, ಪರದೆ ಎಳೆದು ಅವಳನ್ನು ಎಡ ಮಗ್ಗುಲಾಗಿ, ಮೊಣಕಾಲು ಎದೆಯ ಕಡೆ ಸ್ವಲ್ಪ ಮಡಚಿ ಮಲಗಿಸಿ. ಇದಕ್ಕೆ ಯಾವ ಮಾತ್ರೆಯೂ ಬೇಕಿಲ್ಲ.

ಕಾಫಿ, ಕಾವು, ಹೊಟ್ಟೆ ಕಟ್ಟುವುದು

ಕಾಫಿ ಕರುಳನ್ನು ಎಬ್ಬಿಸುತ್ತದೆ ಎಂಬುದಕ್ಕೆ ಪುರಾವೆ ಇದೆ. ಜರ್ಮನಿಯಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರ ಮೇಲೆ ನಡೆದ 2012ರ ಅಧ್ಯಯನದಲ್ಲಿ ಬಿಸಿನೀರು ಕುಡಿದವರಿಗೆ ಸರಾಸರಿ 74 ಗಂಟೆಗೆ ಮಲವಿಸರ್ಜನೆಯಾದರೆ ಕಾಫಿ ಕುಡಿದವರಿಗೆ 60 ಗಂಟೆಗೆ ಆಯಿತು. ಅದು ಸಿಜೇರಿಯನ್ ಅಲ್ಲ. ಆದರೂ ಕುಡಿಯಲು ಅನುಮತಿ ಸಿಕ್ಕ ಮೇಲೆ ಬೆಳಿಗ್ಗೆ ಒಂದು ಕಪ್ ಕಾಫಿ ಕೊಟ್ಟರೆ ತಪ್ಪೇನಿಲ್ಲ. ದಿನಕ್ಕೆ ಎರಡು ಕಪ್ಪಿನೊಳಗಿದ್ದರೆ ಹಾಲು ಕುಡಿಯುವ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಮ್ಮ ಕಡೆ ಚಹಾದ ಊರೇ ಜಾಸ್ತಿ. ಚಹಾ ಬೆಚ್ಚಗಿನ ದ್ರವವಾಗಿ ಒಳ್ಳೆಯದೇ, ಕಾಫಿಯಷ್ಟು ಪುರಾವೆ ಅದಕ್ಕಿಲ್ಲ.

ಹೊಟ್ಟೆಗೆ ಸೀರೆ ಬಿಗಿಯುವುದರಿಂದ ಏಳುವಾಗ ಆಸರೆ ಸಿಗುತ್ತದೆ, ಗ್ಯಾಸ್ ಏನೂ ಹೋಗುವುದಿಲ್ಲ. ಉಬ್ಬಿದ ಹೊಟ್ಟೆಗೆ ಬಿಗಿಯಾಗಿ ಕಟ್ಟಿದರೆ ಉಸಿರಿಗೂ ಕಷ್ಟ. ಹಸಿ ಗಾಯದ ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಮಂಚದ ಕೆಳಗೆ ಕೆಂಡ ಇಟ್ಟು ಕಾಯಿಸುವುದನ್ನಂತೂ ಬಿಡಿ. ಗಾಯದ ಸುತ್ತ ಚರ್ಮಕ್ಕೆ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟದ್ದೂ ತಿಳಿಯುವುದಿಲ್ಲ. ಹೊಗೆಯಿಂದ ಹಸುಗೂಸಿನ ಶ್ವಾಸಕೋಶಕ್ಕೆ ಕೇಡು.

ಮನೆಗೆ ಬಂದ ಮೇಲೆ

ಗ್ಯಾಸ್ ಹೋದ ಮೇಲೂ ಮಲವಿಸರ್ಜನೆ ಎರಡು ಮೂರು ದಿನ, ಕೆಲವೊಮ್ಮೆ ನಾಲ್ಕು ದಿನ ತಡವಾಗಬಹುದು. ಹೊಟ್ಟೆ ಮೆತ್ತಗಿದ್ದು, ಊಟ ಸೇರುತ್ತಿದ್ದರೆ ಗಾಬರಿ ಬೇಡ. ತಿಣುಕಿದರೆ ಹೊಲಿಗೆ ಬಿಚ್ಚುತ್ತದೆ ಎಂಬ ಭಯದಿಂದ ತಡೆಹಿಡಿದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಸಹಜವಾಗಿ ಶೌಚಕ್ಕೆ ಹೋದರೆ ಹೊಲಿಗೆ ಬಿಚ್ಚುವುದಿಲ್ಲ. ಏನಾದರೂ ಉಂಡಾಗ ದೊಡ್ಡ ಕರುಳು ತಾನಾಗಿ ಅಲುಗುತ್ತದೆ, ಬೆಳಿಗ್ಗೆ ಹೊತ್ತು ಇದು ಜೋರು. ಹಾಗಾಗಿ ನಾಷ್ಟಾ ಆದ ಮೇಲೆ ಹದಿನೈದು ನಿಮಿಷ ಬಿಟ್ಟು ಹೋಗಲಿ. ಕಮೋಡ್ ಇದ್ದರೆ ಕಾಲ ಕೆಳಗೆ ಮಣೆ ಇಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತು, ಗಾಯದ ಮೇಲೆ ಮಡಚಿದ ಬಟ್ಟೆ ಒತ್ತಿ ಹಿಡಿಯಲಿ.

ನಮ್ಮ ಬಾಣಂತಿ ಅಡಿಗೆಯ ಬಗ್ಗೆ ನನಗೆ ಪ್ರೀತಿ ಇದೆ, ಒಂದು ತಕರಾರೂ ಇದೆ. ಅಂಟಿನ ಉಂಡಿ, ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಅಳವಿ ಪಾಯಸ, ಎಲ್ಲವೂ ಶಕ್ತಿಯ ಆಹಾರ. ಆದರೆ ಅದರ ಜೊತೆಗೇ “ನೀರು ಕುಡದ್ರ ಹೊಟ್ಟಿ ದೊಡ್ಡದಾಗ್ತದ” ಎಂದು ನೀರು ತಡೆಯುತ್ತೇವೆ. ಥಂಡಿ ಎಂದು ಸೊಪ್ಪು, ಹಣ್ಣು ಮುಟ್ಟಿಸುವುದಿಲ್ಲ. ನೀರು ಕುಡಿದರೆ ಹೊಟ್ಟೆ ದಪ್ಪವಾಗುವುದಿಲ್ಲ. ಅದು ಹಿಗ್ಗಿದ ಸ್ನಾಯು, ಇಳಿಯಲು ತಿಂಗಳುಗಟ್ಟಲೆ ಬೇಕು. ಹಾಲೂಡುವ ತಾಯಿಗೆ ಬಾಯಾರಿಕೆ ಜಾಸ್ತಿ. ಪ್ರತಿ ಸಲ ಹಾಲು ಕೊಡುವಾಗ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಅಳವಿ ನೀರಿನಲ್ಲಿ ಊದಿ ಲೋಳೆಯಾಗುವ ಕಾಳು. ನೀರೇ ಇಲ್ಲದೆ ಅದರ ಗುಣ ಹೊಟ್ಟೆಗೆ ಸಿಗುವುದು ಹೇಗೆ? ಮೆಂತ್ಯೆ ಪಲ್ಯ, ಹೆಸರುಬೇಳೆ, ಹಣ್ಣಾದ ಪಪ್ಪಾಯಿ, ಪೇರಲ, ಹೊಟ್ಟು ತೆಗೆಯದ ಜೋಳದ ಹಿಟ್ಟಿನ ರೊಟ್ಟಿ ಕೊಡಿ.

ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಎಂದು ಬಿಟ್ಟುಬಿಡುವವರು ಬಹಳ. ಹೆರಿಗೆ ನಂತರ 180 ದಿನ ಅದನ್ನು ನುಂಗಬೇಕು ಎಂಬುದು ಸರ್ಕಾರಿ ಕಾರ್ಯಕ್ರಮದ ನಿಯಮ. ಮಲ ಕಪ್ಪಾಗುವುದು ಅದರಿಂದಲೇ, ಹೆದರಬೇಡಿ. ತೀರಾ ಕಷ್ಟವಾದರೆ ಬೇರೆ ಮಾತ್ರೆ ಬರೆದುಕೊಡಿ ಎಂದು ವೈದ್ಯರಿಗೆ ಹೇಳಿ, ಆದರೆ ನಿಲ್ಲಿಸಬೇಡಿ.

ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದಾಗ

ಗಂಟೆಗಂಟೆಗೂ ಹೊಟ್ಟೆ ಉಬ್ಬುತ್ತ ಗಟ್ಟಿಯಾಗುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಅದರಲ್ಲೂ ಹಸಿರು ಬಣ್ಣದ ವಾಂತಿ ಬಂದರೆ, ಗಮ್ಮೂ ಬೇಡ, ಗಂಜಿಯೂ ಬೇಡ. ಬಾಯಿಗೆ ಏನೂ ಕೊಡದೆ ಕೂಡಲೇ ವೈದ್ಯರನ್ನು ಕರೆಯಿರಿ. ಎರಡು ದಿನವಾದರೂ ಗ್ಯಾಸ್ ಹೋಗದೆ ಹೊಟ್ಟೆ ಬಿಗಿದಿದ್ದರೆ, ಜ್ವರ ಬಂದರೆ, ಎದೆ ಬಡಿತ ಜೋರಾದರೆ, ಹೊಟ್ಟೆನೋವು ಇಳಿಯುವ ಬದಲು ಏರುತ್ತಿದ್ದರೆ, ಹೆರಿಗೆ ಸ್ರಾವ ನಾತ ಹೊಡೆದರೆ ಆಗಲೂ ಹಾಗೆಯೇ. ಒಂದು ಕಾಲು ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ ಗುರುತಿರಬಹುದು.

ಓಗಿಲ್ವಿ ಸಿಂಡ್ರೋಮ್ ಎಂಬ ಅಪರೂಪದ ತೊಂದರೆಯೊಂದಿದೆ. ಬ್ರಿಟಿಷ್ ಸರ್ಜನ್ ಓಗಿಲ್ವಿ 1948ರಲ್ಲಿ ಇದನ್ನು ವಿವರಿಸಿದ. ಎಲ್ಲೂ ಅಡ್ಡಿ ಇಲ್ಲದಿದ್ದರೂ ದೊಡ್ಡ ಕರುಳು ಬಲೂನಿನಷ್ಟು ಊದಿಬಿಡುತ್ತದೆ. ಸಿಜೇರಿಯನ್ ನಂತರವೂ ಇದು ಬರುವುದುಂಟು. ಕೆಲವರಿಗೆ ಇದರಲ್ಲೂ ಸ್ವಲ್ಪ ಗ್ಯಾಸ್ ಹೋಗುತ್ತಿರುತ್ತದೆ, ಅದಕ್ಕೇ ಮನೆಯವರು ಮೋಸ ಹೋಗುತ್ತಾರೆ. ಬಲಗಡೆ ಕೆಳಹೊಟ್ಟೆಯಲ್ಲಿರುವ ಕರುಳಿನ ಭಾಗ ಅತಿಯಾಗಿ ಹಿಗ್ಗಿ ಒಡೆದರೆ ಜೀವಕ್ಕೆ ಅಪಾಯ. ಬೇಗ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿದರೆ ಪತ್ತೆಯಾಗುತ್ತದೆ, ಚಿಕಿತ್ಸೆಯೂ ಇದೆ.

ಊರಿನಲ್ಲಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಉಚಿತ. ಆಶಾ ಕಾರ್ಯಕರ್ತೆಗೂ ತಿಳಿಸಿ. ಹೊರಡುವಾಗ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ನುಂಗುತ್ತಿರುವ ಮಾತ್ರೆಗಳ ಪೊಟ್ಟಣ ಜೊತೆಗಿರಲಿ. ಕೊನೆಯ ಸಲ ಗ್ಯಾಸ್ ಹೋದದ್ದು ಯಾವಾಗ, ಎಷ್ಟು ಸಲ ವಾಂತಿಯಾಯಿತು, ಏನು ಬಣ್ಣ ಎಂಬುದನ್ನು ಜೊತೆಗೆ ಹೋಗುವವರು ಬರೆದಿಟ್ಟುಕೊಳ್ಳಲಿ. ವೈದ್ಯರು ಮೊದಲು ಕೇಳುವುದು ಅದನ್ನೇ.